ಹತ್ತಕ್ಕೆ ಹತ್ತು ಪಡೆದ ಕಾರು

ನಮ್ಮ ಕಾರು ಒಂದೇ ವರ್ಷದಲ್ಲಿ ಹನ್ನೊಂದು ಸಲ ಸರ್ವಿಸ್ ಸೆಂಟರಿಗೆ ಹೋಗಿ ಬಂದಿತ್ತು. ಹನ್ನೊಂದು ಸಲವೂ ಅಲ್ಲಿಯವರು 'ಯಾವ ದೋಷವೂ ಕಂಡುಬಂದಿಲ್ಲ' ಎಂದು ಬರೆದುಕೊಟ್ಟಿದ್ದಾರೆ. ಹನ್ನೊಂದು ಸಲವೂ ಅದರ ಕೆಳಗೆ, 'ಕೆಲಸ ತೃಪ್ತಿಕರವಾಗಿದೆ' ಎಂಬ ಸಾಲಿನ ಪಕ್ಕದಲ್ಲಿ, ನಾನು ಸೈನ್ ಹಾಕಿದ್ದೇನೆ. ಆ ಕಾಗದಗಳನ್ನು ಓದಿದವರು ಬಸವನಗುಡಿಯಲ್ಲಿ ಇದಕ್ಕಿಂತ ಆರೋಗ್ಯವಂತ ಕಾರು ಇನ್ನೊಂದಿಲ್ಲ, ಈ ಮನೆಯವರಿಗಿಂತ ಸಂತೃಪ್ತ ಜನ ಇಲ್ಲವೇ ಇಲ್ಲ ಎಂದುಕೊಳ್ಳಬೇಕು. ಆ ಸಂತೃಪ್ತರಲ್ಲಿ ಒಬ್ಬಳು, ಅಂದರೆ ನನ್ನ ಹೆಂಡತಿ, ಒಂದೂವರೆ ವರ್ಷ ಆ ಕಾರಿನ ಕೀಲಿ ಮುಟ್ಟಲಿಲ್ಲ.

ಕಾರು ಅವಳದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಬಹಳ ಜನ ಇದನ್ನು ಮರೆತರು, ಅವರಲ್ಲಿ ನಾನೂ ಒಬ್ಬ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದ ಮಾರನೆಯ ವಾರವೇ, "ಆಟೋದವ್ರನ್ನ ಗೋಗರೆದಿದ್ದು ಸಾಕು" ಎಂದು ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅರವತ್ತನೆಯ ವಯಸ್ಸಿಗೆ ಯಾಕೆ ಬೇಕು ಇದೆಲ್ಲ ಎಂದು ಕೇಳಿದವರಿಗೆ, ಅರವತ್ತೊಂದಕ್ಕೆ ಇನ್ನೂ ಕಷ್ಟವಾಗುತ್ತದಲ್ಲ ಎಂದು ಉತ್ತರ ಕೊಟ್ಟಳು. ಮೊದಲ ಪರೀಕ್ಷೆಯಲ್ಲೇ ಪಾಸಾದಳು. ನಾನು ನನ್ನ ಕಾಲದಲ್ಲಿ ಎರಡನೆಯ ಸಲಕ್ಕೆ ಪಾಸಾದವನು. ಆ ವಿಷಯ ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆಗೆ ಬರುವುದಿಲ್ಲ.

ಅವಳ ಎತ್ತರ ಐದಡಿಗೆ ಎರಡಿಂಚು ಕಡಿಮೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಬೆನ್ನಿಗೊಂದು ಪುಟ್ಟ ದಿಂಬಿಟ್ಟುಕೊಂಡು, ಕಪ್ಪುಹಲಗೆಯ ಮೇಲೆ ಪ್ರಮೇಯ ಬಿಡಿಸುವಷ್ಟೇ ಗಂಭೀರವಾಗಿ ಓಡಿಸುತ್ತಿದ್ದಳು. ಶನಿವಾರ ಬಂತೆಂದರೆ ಮಲ್ಲೇಶ್ವರದಲ್ಲಿರುವ ಅಕ್ಕನ ಮನೆಗೆ ಒಬ್ಬಳೇ ಹೋಗಿ, ಅಕ್ಕನನ್ನು ಕೂರಿಸಿಕೊಂಡು ಸಂಪಿಗೆ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು ಬರುತ್ತಿದ್ದಳು. ವಾಪಸು ಬಂದಾಗ ಅವಳ ಮುಖ ನೋಡಬೇಕಿತ್ತು. ಮದುವೆಯಾದ ಹೊಸದರಲ್ಲಿ ನಾನು ಸಂಬಳ ತಂದಾಗಲೂ ಆ ಕಳೆ ಬಂದಿರಲಿಲ್ಲ.

ಹೊಸ ಕಾರು ಕೊಂಡ ನಾಲ್ಕನೆಯ ತಿಂಗಳಲ್ಲಿ ಅದು ಮೊದಲ ಸಲ ನಿಂತಿತು. ಸಂಪಿಗೆ ರಸ್ತೆಯಲ್ಲೇ, ಹಿಂದೆ ಸಿಟಿ ಬಸ್ಸು, ಪಕ್ಕದಲ್ಲಿ ಹೂವಿನ ಗಾಡಿ. ಎಂಜಿನ್ ಸದ್ದಿಲ್ಲದೆ ಆಫ್ ಆಯಿತು. ಬಸ್ಸಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಐದು ನಿಮಿಷ ಬಿಟ್ಟು, ಏನೂ ಆಗಿಯೇ ಇಲ್ಲವೆಂಬಂತೆ ಕಾರು ಮತ್ತೆ ಸ್ಟಾರ್ಟ್ ಆಯಿತು. ಅಕ್ಕಪಕ್ಕದ ಮನೆಯ ತಜ್ಞರು ಸಂಜೆಯೊಳಗೆ ತೀರ್ಪು ಕೊಟ್ಟರು: ಹೊಸದಾಗಿ ಕಲಿತವರಿಗೆ ಕ್ಲಚ್ಚು ಹಾಗೇ.

"ಕ್ಲಚ್ಚಿನ ಮೇಲೆ ಕಾಲೇ ಇರ್ಲಿಲ್ಲ ರೀ. ಗಾಡಿ ಎರಡನೇ ಗೇರಲ್ಲಿ ಹೋಗ್ತಾ ಇತ್ತು" ಎಂದಳು ಅವಳು.

"ಇರತ್ತೆ, ಇರತ್ತೆ" ಎಂದೆ ನಾನು. ಸರ್ಕಾರಿ ಕಚೇರಿಯಲ್ಲಿ ಮೇಲ್ವಿಚಾರಕನಾಗಿದ್ದವನಿಗೆ ಈ ಮಾತು ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಒಪ್ಪಿದಂತೆಯೂ ಆಯಿತು, ಒಪ್ಪದಂತೆಯೂ ಆಯಿತು.

ನಾನೇ ಒಂದು ವಾರ ಓಡಿಸಿ ನೋಡಿದೆ. ನನ್ನ ಕೈಯಲ್ಲಿ ಕಾರು ಸಾಧು ಹಸುವಿನ ಹಾಗಿತ್ತು. ಅವಳಿಗೆ ಕೊಟ್ಟೆ. ಎರಡನೆಯ ಶನಿವಾರ ಮತ್ತೆ ನಿಂತಿತು.

ಸರ್ವಿಸ್ ಸೆಂಟರಿಗೆ ಒಯ್ಯುವ ಕೆಲಸ ನನ್ನದಾಯಿತು. ಗಂಡಸು ಮಾತಾಡಿದರೆ ಅಲ್ಲಿ ಬೆಲೆ ಎಂಬುದು ನನ್ನ ವಾದ. ಎಷ್ಟು ಬೆಲೆ ಎಂಬುದು ಆಮೇಲೆ ಗೊತ್ತಾಯಿತು. ನಮ್ಮ ಕಾರಿಗೆ ನೇಮಕವಾದ ಸರ್ವಿಸ್ ಅಡ್ವೈಸರು ನನ್ನ ದುರದೃಷ್ಟಕ್ಕೆ ಬಹಳ ಒಳ್ಳೆಯವರು. ಐವತ್ತರ ಆಸುಪಾಸು, ಎನ್.ಆರ್. ಕಾಲೋನಿಯ ವಾಸ, ಬೆಳಿಗ್ಗೆ ನಾನು ಸುತ್ತು ಹಾಕುವ ಪಾರ್ಕಿನಲ್ಲೇ ಎದುರು ದಿಕ್ಕಿನಿಂದ ಸುತ್ತು ಹಾಕುವವರು. ಹಾಗಾಗಿ ದಿನಕ್ಕೆ ಆರು ಸಲ ಮುಖಾಮುಖಿ. ಕಾರನ್ನು ಮೂರು ದಿನ ಇಟ್ಟುಕೊಂಡು, ಕಂಪ್ಯೂಟರಿಗೆ ಜೋಡಿಸಿ ನೋಡಿ, ತೊಳೆದು ಹೊಳಪು ಬರಿಸಿ ಕೈಗಿತ್ತರು.

"ನಲವತ್ತು ಕಿಲೋಮೀಟರ್ ಓಡ್ಸಿ ನೋಡಿದೀವಿ ಸಾರ್. ಒಂದೇ ಒಂದು ಸಲಾನೂ ನಿಂತಿಲ್ಲ. ನಿಲ್ಲದೇ ಇರೋದನ್ನ ಏನಂತ ರಿಪೇರಿ ಮಾಡೋದು, ನೀವೇ ಹೇಳಿ" ಎಂದರು. ಆಮೇಲೆ ದನಿ ತಗ್ಗಿಸಿ, "ಕಂಪನಿಯಿಂದ ಫೋನ್ ಬರತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಅಂದ್ಬಿಡಿ. ಒಂಬತ್ತು ಅಂದ್ರೂ ಅವ್ರ ಲೆಕ್ಕದಲ್ಲಿ ನಾನು ಫೇಲು" ಎಂದರು.

ಇಲ್ಲಿ ನಮ್ಮ ಹಳೆಯ ಬಡಾವಣೆಗಳ ಒಂದು ಸ್ವಭಾವ ಹೇಳಬೇಕು. ನಾವು ಒಬ್ಬ ಮನುಷ್ಯನ ಬಗ್ಗೆ ಊರೆಲ್ಲ ದೂರುತ್ತೇವೆ. ಕಟ್ಟೆಯ ಮೇಲೆ ಕೂತು ಅವನ ವಂಶವನ್ನೇ ಜಾಲಾಡುತ್ತೇವೆ. ಆದರೆ ಅವನೇ ಎದುರು ಬಂದು ಒಂದು ಲೋಟ ಕಾಫಿ ಕೊಟ್ಟು ಕೈ ಮುಗಿದರೆ ಮುಗಿಯಿತು. ನಾಳೆ ಬೆಳಿಗ್ಗೆ ಪಾರ್ಕಿನಲ್ಲಿ ಆರು ಸಲ ಎದುರಾಗುವವರಿಗೆ ಒಂಬತ್ತು ಅಂಕ ಕೊಡುವುದು ಹೇಗೆ? ಇದಕ್ಕೆ ನಾವು ದಾಕ್ಷಿಣ್ಯ ಎಂದು ಮರ್ಯಾದೆಯ ಹೆಸರಿಟ್ಟುಕೊಂಡಿದ್ದೇವೆ. ನಾನು ಹತ್ತಕ್ಕೆ ಹತ್ತು ಎಂದೆ. ಕಾಗದಕ್ಕೆ ಓದದೆ ಸೈನ್ ಹಾಕಿದೆ. ಕಚೇರಿಯಲ್ಲಿ ಮೂರು ದಶಕ 'ಓದದೆ ರುಜು ಹಾಕಬೇಡಿ' ಎಂದು ಕೈಕೆಳಗಿನವರಿಗೆ ಪಾಠ ಹೇಳಿದವನು ನಾನೇ. ನನ್ನ ಹೆಂಡತಿಯೋ, ಉತ್ತರ ಸರಿಯಿದ್ದರೂ ನಡುವೆ ಒಂದು ಹಂತ ಬಿಟ್ಟರೆ ಅರ್ಧ ಅಂಕ ಕತ್ತರಿಸುತ್ತಿದ್ದವಳು. ಹತ್ತಕ್ಕೆ ಹತ್ತು ಕೊಟ್ಟೆ ಎಂದು ಅವಳಿಗೆ ನಾನು ಹೇಳಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಕಾರು ನಿಲ್ಲುವುದು, ನಾನು ಒಯ್ಯುವುದು, ಕಾಫಿ ಕುಡಿಯುವುದು, ತೃಪ್ತನಾಗುವುದು. ಅವಳು ಮಾತ್ರ ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದು ಸಲದ್ದನ್ನೂ ಬರೆದಿಟ್ಟಳು: ಯಾವ ರಸ್ತೆ, ಯಾವ ಗೇರು, ಎಷ್ಟು ವೇಗ, ಮಳೆಯೋ ಬಿಸಿಲೋ. ಪ್ರತಿ ಸಲವೂ ಹಂಪ್ ಅಥವಾ ಗುಂಡಿ ಹಾರಿದ ಮೇಲೇ ನಿಲ್ಲುತ್ತದೆ ಎಂದು ಅವಳು ಕಂಡುಹಿಡಿದಳು. ಬೆಂಗಳೂರಿನಲ್ಲಿ ಹಂಪ್ ಅಥವಾ ಗುಂಡಿ ಹಾರದೆ ಯಾರೂ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಈ ಸಂಶೋಧನೆಗೆ ನಾನು ಬೆಲೆ ಕೊಡಲಿಲ್ಲ.

ಆಮೇಲೆ ಲಾಲ್‌ಬಾಗಿನ ಪಕ್ಕ, ಮಾವಳ್ಳಿಯ ಕಡೆ ತಿರುಗುವಲ್ಲಿ ಅದು ನಿಂತಿತು. ಹಿಂದೆ ಬರುತ್ತಿದ್ದ ಬೈಕಿನವನು ಬಂದು ಗುದ್ದಿ ಬಿದ್ದ. ಮೊಣಕೈ ತರಚಿತ್ತು, ಅಷ್ಟೇ. ಆದರೆ ಎದ್ದು ನಿಂತವನು ಸೇರಿದ ಜನರ ಮುಂದೆ, "ಈ ವಯಸ್ಸಲ್ಲಿ ಮನೇಲಿ ಬಿದ್ದಿರೋದು ಬಿಟ್ಟು ನಮ್ ಪ್ರಾಣ ಯಾಕಮ್ಮ ತೆಗೀತೀಯ?" ಎಂದ. ಅವಳು ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದು, ಪಟ್ಟಿ ಹಾಕಿಸಿ, ಆಟೋದಲ್ಲಿ ಮನೆಗೆ ಬಂದಳು. ಕೀಲಿಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದಳು.

"ಅವನ ತಲೆಗೆ ಏಟು ಬಿದ್ದಿದ್ರೆ? ನನ್ನದೇ ತಪ್ಪಿರ್ಬೇಕು. ಇಷ್ಟು ಜನ ಹೇಳ್ತಿದಾರೆ ಅಂದ್ಮೇಲೆ ನನ್ನದೇ ಇರ್ಬೇಕು" ಎಂದಳು.

ಇಡೀ ತರಗತಿ ತಪ್ಪು ಉತ್ತರ ಬರೆದರೂ ಉತ್ತರ ಬದಲಾಗುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ಇವಳು. ಆವತ್ತು ನಾನು ಹೇಳಬೇಕಾದ ಮಾತು ಒಂದೇ ಇತ್ತು. ಅದರ ಬದಲು, "ಹೋಗ್ಲಿ ಬಿಡು, ಇನ್ಮೇಲೆ ನಾನೇ ಓಡಿಸ್ತೀನಿ" ಎಂದೆ. ಶನಿವಾರದ ಕಾಫಿ ನಿಂತುಹೋಯಿತು. ಅಕ್ಕ ಫೋನ್ ಮಾಡಿದರೆ ತನಗೆ ಮಂಡಿ ನೋವು ಎಂದು ಇವಳು ನೆಪ ಹೇಳುತ್ತಿದ್ದಳು.

ಐದಾರು ತಿಂಗಳಾದ ಮೇಲೆ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯ ಕರೆಯೋಲೆ ಕೊಡಲು ಬಂದಳು. ಈಗ ವಕೀಲೆ, ಚಾಮರಾಜಪೇಟೆಯಲ್ಲೇ ಆಫೀಸು. ನಾನು ಅಪರೂಪಕ್ಕೆ ತೆಗೆಯುತ್ತಿದ್ದ ಕಾರು ಧೂಳು ಹಿಡಿದು ನಿಂತಿದ್ದನ್ನು ನೋಡಿ ಕೇಳಿದಳು. ನನ್ನ ಹೆಂಡತಿ ಮಂಡಿ ನೋವಿನ ಕಥೆ ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿ, ಒಳಗೆ ಹೋಗಿ ನೋಟ್‌ಬುಕ್ ತಂದು ಅವಳ ಮುಂದಿಟ್ಟಳು. ಹುಡುಗಿ ಇಪ್ಪತ್ತು ನಿಮಿಷ ಒಂದು ಪುಟವೂ ಬಿಡದೆ ಓದಿದಳು. ಆ ನೋಟ್‌ಬುಕ್ಕನ್ನು ಪೂರ್ತಿ ಓದಿದವರಲ್ಲಿ ಅವಳೇ ಮೊದಲಿಗಳು.

"ಮಿಸ್, ಇದು ಕೇಸು" ಎಂದಳು.

ನಾನು ನನ್ನ ಪಾಂಡಿತ್ಯ ಹೊರತೆಗೆದೆ. ನಾಲ್ಕು ಸಲ ರಿಪೇರಿಯಾಗದಿದ್ದರೆ ಹೊಸ ಕಾರು ಕೊಡಬೇಕೆಂಬ ಕಾನೂನು ಇದೆಯಂತಲ್ಲ ಎಂದೆ.

"ಅದು ಅಮೆರಿಕದಲ್ಲಿ ಅಂಕಲ್. ನಮ್ಮಲ್ಲಿ ಗ್ರಾಹಕರ ಆಯೋಗ ಇದೆ. ಮೊದ್ಲು ಮಾರಿದವ್ರಿಗೂ ತಯಾರಿಸಿದವ್ರಿಗೂ ಇಬ್ಬರಿಗೂ ನೋಟಿಸ್ ಕೊಡೋಣ. ಒಬ್ರಿಗೆ ಕೊಟ್ರೆ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಬಗ್ಗಲಿಲ್ಲ ಅಂದ್ರೆ ದೂರು. ಎರಡು ವರ್ಷದ ಗಡುವಿದೆ, ಅದರೊಳಗೆ ಹಾಕ್ಬೇಕು. ತಯಾರಿಕೆಯಲ್ಲೇ ದೋಷ ಇದೆ ಅಂತ ನಾವು ತೋರಿಸ್ಬೇಕು, ಅದಕ್ಕೆ ತಜ್ಞರ ವರದಿ ಬೇಕಾಗತ್ತೆ. ರಿಪೇರಿ ಕಾಗದ ಎಲ್ಲಾ ಇದೆಯಾ?"

"ಒಂದೂ ಬಿಡದೆ ಇಟ್ಟಿದೀನಿ" ಎಂದೆ, ಹೆಮ್ಮೆಯಿಂದ.

ಅವಳು ಕಾಗದಗಳನ್ನು ತಿರುವಿದಳು. ಮುಖದ ಬಣ್ಣ ನಿಧಾನವಾಗಿ ಬದಲಾಯಿತು. "ಅಂಕಲ್, ಹನ್ನೊಂದು ಸಲವೂ ತೃಪ್ತಿ ಅಂತ ಸೈನ್ ಹಾಕಿದೀರಾ?"

"ಅವ್ರು ಪಾರ್ಕಲ್ಲಿ ಸಿಗ್ತಾರಮ್ಮ" ಎಂದೆ. ನನ್ನ ಪಕ್ಷದ ವಾದ ಅಲ್ಲಿಗೆ ಮುಗಿದಿತ್ತು.

ನೋಟಿಸಿಗೆ ಎರಡೂ ಕಡೆಯಿಂದ ಬಹಳ ಸಭ್ಯವಾದ ಉತ್ತರ ಬಂತು. ದೂರು ದಾಖಲಾಯಿತು. ದೂರುದಾರಳು ನನ್ನ ಹೆಂಡತಿ, ಕಾರು ಅವಳ ಹೆಸರಿನಲ್ಲಿದೆಯಲ್ಲ. ನಾನು ಬರೀ ಸಾಕ್ಷಿ. ಕೆಲವು ತಿಂಗಳ ನಂತರ ಎದುರು ಪಕ್ಷದವರ ಲಿಖಿತ ಉತ್ತರ ಕೈಗೆ ಬಂತು. ನಲವತ್ತು ಪುಟ. ನನ್ನ ಹನ್ನೊಂದು ಸೈನುಗಳು, ಹನ್ನೊಂದು ಸಲದ ಹತ್ತಕ್ಕೆ ಹತ್ತು, ಎಲ್ಲವನ್ನೂ ಪ್ರೀತಿಯಿಂದ ಜೋಡಿಸಿಟ್ಟಿದ್ದರು. ದೂರುದಾರರು ಓಡಿಸುವುದನ್ನು ನಿಲ್ಲಿಸಿದ ಮೇಲೆ ಕಾರು ಒಮ್ಮೆಯೂ ನಿಂತಿಲ್ಲ, ಇದರಿಂದಲೇ ಕಾರಿನಲ್ಲಿ ದೋಷವಿಲ್ಲವೆಂದು ಸಾಬೀತಾಗುತ್ತದೆ ಎಂದೂ ಬರೆದಿದ್ದರು. ತರ್ಕವೆಂದರೆ ಹೀಗಿರಬೇಕು.

ನನ್ನ ಹೆಂಡತಿ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು, ಉತ್ತರಪತ್ರಿಕೆ ತಿದ್ದುವಂತೆ ಪೆನ್ಸಿಲ್ ಹಿಡಿದು ಓದುತ್ತಿದ್ದಳು. ಮೂವತ್ತೊಂದನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು. ಅದು ಏಳನೆಯ ಸಲದ ಕಾಗದ, ನಮಗೆ ಕೊಡದೆ ಅವರೇ ಇಟ್ಟುಕೊಂಡಿದ್ದ ಪ್ರತಿ. ಇಂಗ್ಲಿಷಿನಲ್ಲಿ ಕೈಬರಹದ ಮೂರು ಸಾಲು. ತೊಂದರೆ ಬರುವುದು ಹೆಂಡತಿ ಓಡಿಸುವಾಗ ಮಾತ್ರ. ಅವರ ಚಾಲನೆಯ ಅಭ್ಯಾಸವೇ ಕಾರಣವಿರಬೇಕು. ಇದನ್ನು ಗಂಡ ಒಪ್ಪಿದ್ದಾರೆ. ಕೆಳಗೆ ನನ್ನ ಸೈನು, ಅಂದವಾಗಿ, ಬಾಲ ಎಳೆದು.

"ಇದು ನಿಮ್ಮದೇನಾ?" ಎಂದು ಕೇಳಿದಳು.

ಓದದೆ ಹಾಕಿದೆ ಎಂದು ಹೇಳಬಹುದಿತ್ತು. ಅದು ಅರ್ಧ ನಿಜ. ಆವತ್ತು ಅಡ್ವೈಸರು ಕಾಫಿ ಕೊಟ್ಟು, "ಮೇಡಂ ಓಡ್ಸಿದ್ರೆ ಮಾತ್ರ ಅಲ್ವಾ ಸಾರ್?" ಎಂದು ನಕ್ಕಿದ್ದರು. ನಾನೂ ನಕ್ಕು, "ಏನ್ಮಾಡೋದು, ಲೇಟಾಗಿ ಕಲಿತಿದ್ದಲ್ವಾ" ಎಂದಿದ್ದೆ. ಅವರು ನಾನಾಡಿದ್ದನ್ನೇ ಬರೆದುಕೊಂಡಿದ್ದರು. "ನನ್ನದೇ" ಎಂದೆ. ಅವಳು ಮೂವತ್ತೆರಡನೆಯ ಪುಟ ತಿರುಗಿಸಿದಳು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ಅನ್ನ, ಸಾರು, ಹಾಲಿನವನ ವಿಷಯ ಬಿಟ್ಟರೆ ಬೇರೆ ಮಾತಿರಲಿಲ್ಲ. ನನಗೆ ಅಷ್ಟು ನಾಚಿಕೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ನಾನು ಪ್ರಮಾಣಪತ್ರ ಸಲ್ಲಿಸಬೇಕಾಯಿತು. ಎದುರು ಪಕ್ಷದ ವಕೀಲರು ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿದರು. ಹನ್ನೊಂದು ಸಲ ತೃಪ್ತರಾಗಿದ್ದು ನಿಜವೋ, ಸುಳ್ಳೋ? ಸುಳ್ಳು ಎಂದು ಬರೆದೆ. ಹೆಂಡತಿಯ ಚಾಲನೆಯ ಬಗ್ಗೆ ಹೇಳಿದ್ದು? ಅದು ನನ್ನ ಊಹೆ, ತಪ್ಪು ಊಹೆ ಎಂದು ಬರೆದೆ. ಹಾಗಾದರೆ ಸಾಕ್ಷಿದಾರರು ಆಗ ಸುಳ್ಳು ಹೇಳಿದ್ದರೋ, ಈಗ ಹೇಳುತ್ತಿದ್ದಾರೋ? ಒಳ್ಳೆಯ ಪ್ರಶ್ನೆ. ಅದನ್ನೇ ನನ್ನ ಹೆಂಡತಿಯೂ ಕೇಳಬಹುದಿತ್ತು.

ಆಯೋಗದವರು ಎಂಜಿನಿಯರಿಂಗ್ ಕಾಲೇಜೊಂದರ ಮೇಷ್ಟ್ರನ್ನು ತಜ್ಞರೆಂದು ನೇಮಿಸಿದರು. ಪರೀಕ್ಷೆಯ ದಿನ ಮಾವಳ್ಳಿಯಲ್ಲಿ, ಅವಳು ನೋಟ್‌ಬುಕ್ಕಿನಲ್ಲಿ ಬರೆದಿದ್ದ ರಸ್ತೆಯಲ್ಲೇ, ನಾವೆಲ್ಲ ಸೇರಿದೆವು. ಕಂಪನಿಯ ಎಂಜಿನಿಯರು, ನಮ್ಮ ವಕೀಲೆ, ನಾನು, ಮತ್ತು ದಿಂಬನ್ನು ಎದೆಗವಚಿಕೊಂಡು ಫುಟ್‌ಪಾತಿನ ಮೇಲೆ ನಿಂತ ನನ್ನ ಹೆಂಡತಿ. ಇವತ್ತೂ ಕಾರು ನಿಲ್ಲದಿದ್ದರೆ ತಪ್ಪು ತನ್ನದೆಂದು ಕಾಗದದ ಮೇಲೆ ಶಾಶ್ವತವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ತಜ್ಞರು ಹತ್ತಿ ಕೂತರು. ಬಗ್ಗಿ, ಸೀಟಿನ ಕೆಳಗಿನ ಲಿವರ್ ಎತ್ತಿ, ಸೀಟನ್ನು ಕಟಕಟನೆ ಹಿಂದಕ್ಕೆ ತಳ್ಳಿಕೊಂಡರು. ಒಂದು ಗಂಟೆ ಓಡಿಸಿ ಬಂದು ತಲೆಯಾಡಿಸಿದರು. ಏನೂ ಇಲ್ಲ. ಕಂಪನಿಯ ಎಂಜಿನಿಯರು, ತಾನೂ ಒಮ್ಮೆ ನೋಡುತ್ತೇನೆಂದು ನಗುತ್ತ ಹತ್ತಿದರು. ಉದ್ದ ಕಾಲಿನವರು. ಅವರೂ ಬಗ್ಗಿ ಲಿವರಿಗೆ ಕೈ ಹಾಕಿದರು.

"ಸ್ವಲ್ಪ ಇರಿ" ಎಂದಳು ನನ್ನ ಹೆಂಡತಿ. ಆ ದನಿಯನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಹಿಂದಿನ ಬೆಂಚಿನವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ದನಿ. "ಲೆಕ್ಕದಲ್ಲಿ ಕೊಟ್ಟಿರೋದನ್ನೇ ನೀವು ಬದಲಾಯಿಸ್ತಿದೀರಿ. ಸರ್ವಿಸ್ ಆಗಿ ಬಂದಾಗೆಲ್ಲಾ ನಾನು ಸೀಟು ಮುಂದಕ್ಕೆ ಎಳ್ಕೋತಿದ್ದೆ. ಅಂದ್ರೆ ಅಲ್ಲಿ ಓಡಿಸಿದವ್ರೆಲ್ಲಾ ಹಿಂದಕ್ಕೆ ತಳ್ಳಿನೇ ಓಡಿಸಿದಾರೆ. ಇವ್ರೂ ಹಾಗೇ ಓಡಿಸಿದಾರೆ." ಕೊನೆಯ ಮಾತಿಗೆ ಬೆರಳು ನನ್ನ ಕಡೆಗಿತ್ತು. "ಸೀಟು ನನ್ನ ಜಾಗದಲ್ಲಿರೋವಾಗ ಯಾರಾದ್ರೂ ಪರೀಕ್ಷೆ ಮಾಡಿದೀರಾ?"

ಯಾರೂ ಮಾಡಿರಲಿಲ್ಲ. ಹನ್ನೊಂದು ಸಲ, ಅಷ್ಟೊಂದು ತಜ್ಞತೆ, ಒಬ್ಬರೂ ಮಾಡಿರಲಿಲ್ಲ. ಅಷ್ಟು ಮುಂದಕ್ಕೆ ಎಳೆದುಕೊಂಡರೆ ಅಲ್ಲಿದ್ದ ಗಂಡಸರಲ್ಲಿ ಯಾರ ಕಾಲೂ ಸರಾಗವಾಗಿ ಹಿಡಿಸುತ್ತಿರಲಿಲ್ಲ. ತಜ್ಞರು ಒಂದು ಕ್ಷಣ ಯೋಚಿಸಿ, "ನೀವೇ ಓಡಿಸಿ ಅಮ್ಮ, ನಾನು ಪಕ್ಕದಲ್ಲಿ ಕೂತ್ಕೋತೀನಿ" ಎಂದರು.

ಒಂದೂವರೆ ವರ್ಷದ ನಂತರ ಅವಳು ಆ ಸೀಟಿನಲ್ಲಿ ಕೂತಳು. ದಿಂಬಿಟ್ಟುಕೊಂಡಳು, ಸೀಟನ್ನು ಕೊನೆಯವರೆಗೂ ಎಳೆದುಕೊಂಡಳು. ನಾನು ಫುಟ್‌ಪಾತಿನಲ್ಲೇ ನಿಂತು ನೋಡುತ್ತಿದ್ದೆ. ಮೊದಲ ಹಂಪ್ ದಾಟಿತು. ಎರಡನೆಯದು ದಾಟಿತು. ಬೆಂಗಳೂರಿನಲ್ಲಿ ಕಾರು ಕೆಟ್ಟು ನಿಲ್ಲಲಿ ಎಂದು ದೇವರನ್ನು ಬೇಡಿಕೊಂಡವನು ಬಹುಶಃ ನಾನೊಬ್ಬನೇ. ನಾಲ್ಕನೆಯ ಹಂಪ್ ಇಳಿಯುತ್ತಿದ್ದಂತೆ ಎಂಜಿನ್ ಸದ್ದಿಲ್ಲದೆ ಆಫ್ ಆಯಿತು. ಹಿಂದಿನ ಆಟೋದವನು ಬೈಯತೊಡಗಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ ಅವನಿಗೇ, "ನಿಂತೋಯ್ತು ಕಣಪ್ಪಾ, ನಿಂತೋಯ್ತು!" ಎಂದು ಸಂಭ್ರಮದಿಂದ ಕೂಗಿದಳು. ಅವನು ಹೆದರಿ ಪಕ್ಕದಿಂದ ಹೋದ.

ಸೀಟನ್ನು ಅಲುಗಿಸಬೇಡಿ ಎಂದು ತಜ್ಞರು ಎಲ್ಲರನ್ನೂ ತಡೆದು, ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಿದರು. ಎಂಜಿನ್ನಿಗೆ ಪೆಟ್ರೋಲ್ ಒದಗಿಸುವ ಪಂಪಿನ ವೈರು ಆ ಸೀಟಿನ ಕೆಳಗೆ, ಇರಬೇಕಾದ್ದಕ್ಕಿಂತ ಒಂದು ಬೆರಳು ಪಕ್ಕದಲ್ಲಿ ಹಾದುಹೋಗಿತ್ತು. ಸೀಟು ಪೂರ್ತಿ ಮುಂದಿದ್ದರೆ ಅದರಡಿಯ ಲೋಹದ ಹಳಿಯ ತುದಿ ಆ ವೈರಿನ ಮೇಲೆ ಕೂರುತ್ತಿತ್ತು. ಹಂಪ್ ಹಾರಿದಾಗ ಒತ್ತುತ್ತಿತ್ತು, ಪಂಪು ನಿಲ್ಲುತ್ತಿತ್ತು. ಸವೆದ ತಾಮ್ರ ಹೊಳೆಯುತ್ತಿತ್ತು. ಆರನೆಯ ತರಗತಿಯ ಮಗುವಿಗೂ ಕಾಣುವಂತಿತ್ತು.

ತೀರ್ಪು ನಮ್ಮ ಕಡೆ ಆಯಿತು. ಕಂಪನಿಯವರು ವೈರನ್ನು ಬದಲಾಯಿಸಿ ಸರಿಯಾದ ಜಾಗದಲ್ಲಿ ಕಟ್ಟಿಕೊಟ್ಟರು. ಪರಿಹಾರದ ವಿಷಯಕ್ಕೆ ಮಾತ್ರ ಮೇಲ್ಮನವಿಗೆ ಹೋಗಿದ್ದಾರೆ. ಸೀಟನ್ನು ಅತಿಯಾಗಿ ಮುಂದಕ್ಕೆ ಎಳೆದುಕೊಳ್ಳುವುದು ಅಸಹಜ ಬಳಕೆಯಂತೆ. ಐದಡಿಗಿಂತ ಕುಳ್ಳಗಿರುವುದೇ ಅಸಹಜವೆಂದು ಇನ್ನೂ ಬರೆದಿಲ್ಲ, ಬರೆಯಬಹುದು.

ಕಾರು ತರಲು ಈ ಸಲ ಅವಳೂ ಬಂದಳು. ಅಡ್ವೈಸರು ಎಂದಿನಂತೆ ಕಾಫಿ ಕೊಟ್ಟು ತೃಪ್ತಿಯ ಕಾಗದ ಮುಂದಿಟ್ಟರು. ಅವಳು ಎರಡೂ ಬದಿ ಪೂರ್ತಿ ಓದಿ, 'ಓಡಿಸಿ ನೋಡಿದ ಮೇಲೆ ತಿಳಿಸುತ್ತೇನೆ' ಎಂದು ಬರೆದು ಸೈನ್ ಹಾಕಿದಳು. ಕಾಫಿಯನ್ನೂ ಪೂರ್ತಿ ಕುಡಿದಳು. ಇವೆರಡನ್ನೂ ಒಟ್ಟಿಗೆ ಮಾಡಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ವಾಪಸು ಬರುವಾಗ ಅವಳೇ ಓಡಿಸಿದಳು. ಹಂಪುಗಳನ್ನು ಹುಡುಕಿ ಹುಡುಕಿ ಹಾರಿಸಿದಳು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ, "ನನ್ನ ಮೇಲಿನ ಕೋಪ ಈಗ್ಲಾದ್ರೂ ಹೋಯ್ತಾ?" ಎಂದೆ.

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಕಂಪನಿಯವ್ರಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ ರೀ. ನಿಮಗೆ ಗೊತ್ತಿತ್ತಲ್ಲ" ಎಂದಳು. ಹಸಿರು ದೀಪ ಬಿತ್ತು. ಗೇರ್ ಹಾಕಿದಳು.

ಶನಿವಾರದ ಮಲ್ಲೇಶ್ವರ ಮತ್ತೆ ಶುರುವಾಗಿದೆ. ಉಳಿದ ದಿನಗಳಲ್ಲಿ ಯಾವಾಗಲಾದರೂ ತರಕಾರಿ ತರಲು ನಾನು ಕಾರು ತೆಗೆಯುತ್ತೇನೆ. ಸೀಟನ್ನು ಹಿಂದಕ್ಕೆ ತಳ್ಳುವುದಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ಒತ್ತುತ್ತದೆ, ಇಳಿಯುವಾಗ ಸೊಂಟ ಹಿಡಿದುಕೊಂಡು ಇಳಿಯಬೇಕು, ಎದುರು ಮನೆಯವರು ನೋಡಿ ನಗುತ್ತಾರೆ. ಮೊನ್ನೆ ನಾನು ಹಾಗೆ ಇಳಿಯುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ನನ್ನ ಕೈಯಿಂದ ತರಕಾರಿ ಚೀಲ ತೆಗೆದುಕೊಂಡು ಒಳಗೆ ಹೋದಳು.